ಮೇಜಿನಾಚೆಯ ಅಂಗಡಿಯವರಿಗೆ

ಮಂಗಳವಾರ, ಮಧ್ಯಾಹ್ನ

ರೀ,

ಇಲ್ಲಿ ನಾನು ಕ್ಷೇಮ. ನೀವು ಅಂದುಕೊಂಡಿರುವುದಕ್ಕಿಂತ ಸ್ವಲ್ಪ ಹೆಚ್ಚೇ ಕ್ಷೇಮವಾಗಿದ್ದೇನೆ, ತೊಂದರೆ ಇರುವುದೇ ಅಲ್ಲಿ. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದವಳು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ "ಹಲೋ" ಕೇಳಿದ ಕೂಡಲೇ ನನ್ನ ಧೈರ್ಯ ಅಡುಗೆಮನೆಗೆ ಓಡಿಹೋಗುತ್ತದೆ. ಇದನ್ನು ಊಟವಾದ ಮೇಲೆ ಓದಿ. ಹಸಿದ ಹೊಟ್ಟೆಯಲ್ಲಿ ನಿಮಗೆ ಸಿಟ್ಟು ಬೇಗ ಬರುತ್ತದೆ.

ಭಾನುವಾರ ನೀವು ಫೋನು ಮಾಡಿ, ಈಗ ಹೋಗಿರುವ ತರಬೇತಿ ಮುಗಿದ ಮೇಲೆ ಒಂದು ವರ್ಷ ಆ ಊರಲ್ಲೇ ಉಳಿದು, ಲಿಫ್ಟ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಪಾಠ ಮಾಡು ಎಂದು ಸಾಹೇಬರು ಕೇಳಿದರು, ಬೇಡವೆಂದುಬಿಟ್ಟೆ ಎಂದಿರಿ. ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು. ನನ್ನನ್ನು ಒಬ್ಬಳನ್ನೇ ಬಿಡುವುದು ಹೇಗೆ, ಒಂದು ಈರುಳ್ಳಿ ತರುವುದಕ್ಕೂ ನೀವು ಜೊತೆಗೆ ಬರಬೇಕಲ್ಲ ಎಂದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಿರಿ: "ಕಟ್ಕೊಂಡ ಹೆಂಡ್ತಿಗೇ ನಾಲ್ಕು ಮಾತು ಕಲಿಸೋಕಾಗ್ಲಿಲ್ಲ. ಬೇರೆಯವ್ರಿಗೆ ನಾನೇನು ಕಲಿಸ್ಲಿ?"

ನಾನು "ಹ್ಞೂಂ" ಎಂದೆ. ರೀ, ನಾನು ಬರೀ "ಹ್ಞೂಂ" ಎಂದು ಫೋನಿಟ್ಟೆ.

ನೀವು ಕಲಿಸಿದ ಇಂಗ್ಲಿಷೆಲ್ಲ ನನಗೆ ಬರುತ್ತದೆ. ಅಕ್ಕಿ ಎಲ್ಲಿದೆ ಎಂದು ಕೇಳುವುದು, ಇದಕ್ಕಿಂತ ಚಿಕ್ಕ ಪ್ಯಾಕೆಟ್ ಇದೆಯಾ ಎನ್ನುವುದು, ಮೈಮೇಲೆ ಬೀಳುವ ಮಾರಾಟದವರಿಗೆ "ಜಸ್ಟ್ ಲುಕಿಂಗ್, ಥ್ಯಾಂಕ್ಯೂ" ಎಂದು ಮುಂದೆ ಹೋಗುವುದು, ಎಲ್ಲವೂ. ಬೇಸಿಗೆಯಿಂದಲೇ ಬರುತ್ತದೆ. ಮೊಟ್ಟೆಯ ಬದಲು ಬಟ್ಟೆ ಸೋಪು ಕೇಳಿದ್ದು, ಬ್ರೆಡ್ಡು ಹಳಸಿದೆ ಎನ್ನಲು ಹೋಗಿ ಅಂಗಡಿಯವರೇ ಹಳಸಿದ್ದಾರೆ ಎಂದದ್ದು, ಎಲ್ಲ ನಾಟಕ.

ಯಾಕೆ ಎನ್ನುತ್ತೀರಿ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಭಾಷೆ ನಡೆಯದ ಈ ಊರಿಗೆ ಬರುವ ಮುಂಚೆ ನಮ್ಮ ಮನೆಯಲ್ಲಿ ಮಾತು ಎಷ್ಟಿತ್ತು ನೆನಪಿಸಿಕೊಳ್ಳಿ. "ಟವೆಲ್." "ಊಟ." "ಬಾಗಿಲು ಹಾಕ್ಕೋ." ಬಾಯಿಗೆ ಬೀಗ ಹಾಕಿಕೊಂಡವರನ್ನು ನನಗೆ ಕಟ್ಟಿದ್ದಾರೆ ಎಂದು ಅಮ್ಮನ ಹತ್ತಿರ ಎಷ್ಟು ಸಲ ಗೊಣಗಿದ್ದೇನೋ. ಇಲ್ಲಿಗೆ ಬಂದ ಮೇಲೆ ನೀವು ಒಂದು ಸಂಜೆ ಊಟದ ಮೇಜನ್ನು ಗೋಡೆಯಿಂದ ಎಳೆದು ಅಡ್ಡಕ್ಕೆ ಹಾಕಿದಿರಿ. ಮನೆಯಲ್ಲಿದ್ದ ಈರುಳ್ಳಿ, ಟೊಮೆಟೊ, ಅಕ್ಕಿ ಡಬ್ಬ ಎಲ್ಲ ತಂದು ಜೋಡಿಸಿ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಆಚೆ ನಿಂತು, "ಗುಡ್ ಈವ್ನಿಂಗ್, ಮೇಡಂ" ಎಂದಿರಿ. ನನ್ನ ಗಂಡ ನನ್ನನ್ನು ಮೇಡಂ ಎಂದರು. ಆಮೇಲೆ ಪ್ಲೀಸ್ ಎಂದರು. ಒಂದು ಈರುಳ್ಳಿ ಕೈಗಿಟ್ಟರೆ ಥ್ಯಾಂಕ್ಯೂ ಎಂದರು. ಸೋಪಿನ ಪ್ರಸಂಗದ ದಿನ ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಲ್ಲ, ನಿಮ್ಮ ದವಡೆಯ ಹಲ್ಲೊಂದು ಇಲ್ಲ ಎಂದು ನನಗೆ ಗೊತ್ತಾದದ್ದೇ ಅವತ್ತು.

ಪಾಠ ಬಂದುಬಿಟ್ಟರೆ ಮೇಜು ಮತ್ತೆ ಗೋಡೆಗೆ ಹೋಗುತ್ತದೆ, ನೀವು ಮತ್ತೆ ಟಿ.ವಿ. ಮುಂದೆ ಹೋಗುತ್ತೀರಿ. ಅದಕ್ಕೇ ತಪ್ಪು ಮಾಡುತ್ತಾ ಹೋದೆ. ಸಾಮಾನು ಆರಿಸಿಟ್ಟ ಮೇಲೆ ಪರ್ಸು ಮರೆತದ್ದು ಗೊತ್ತಾದರೆ, ಇದನ್ನು ನನಗಾಗಿ ಎತ್ತಿಟ್ಟಿರಿ, ಆಮೇಲೆ ಬಂದು ಒಯ್ಯುತ್ತೇನೆ ಎನ್ನುವುದಕ್ಕೆ ಒಂದು ಮಾತು ಕಲಿಸಿದಿರಲ್ಲ, "ಕುಡ್ ಯು ಕೀಪ್ ಇಟ್ ಅಸೈಡ್ ಫಾರ್ ಮಿ?" ಎಂದು. ಅದನ್ನು ವಾರವೆಲ್ಲ ಎಳೆದೆ. ನೀವು ಒಮ್ಮೆಯೂ ರೇಗಲಿಲ್ಲ. ರೇಗಿದ್ದರೆ ಈಗ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಕ್ಷಮಿಸಿಬಿಡುತ್ತಿದ್ದಿರಿ. ಇನ್ನೂ ಇದೆ. ನೀವು ಕೆಲಸಕ್ಕೆ ಹೋಗಿದ್ದಾಗ ಒಂದು ದಿನ ಹಾಲು ಉಕ್ಕಿ ಚೆಲ್ಲಿತು, ನಾನೇ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಮುದುಕರು ಉಪ್ಪು ಸಿಗದೆ ಸುತ್ತುತ್ತಿದ್ದರು. ಎಲ್ಲಿದೆ ಎಂದು ಇಂಗ್ಲಿಷಿನಲ್ಲೇ ಹೇಳಿ, ತೆಗೆದುಕೊಟ್ಟೆ. ಅದನ್ನು ಮ್ಯಾನೇಜರು ನೋಡಿದರು. ಪ್ಯಾಂಟನ್ನು ಎದೆಯವರೆಗೆ ಎತ್ತಿ ಬೆಲ್ಟು ಬಿಗಿಯುತ್ತಾರಲ್ಲ, ಅವರೇ. ತರಕಾರಿ ವಿಭಾಗಕ್ಕೆ ಬೆಳಿಗ್ಗೆ ಹೊತ್ತು ಒಬ್ಬರು ಬೇಕು, ಬರುತ್ತೀರಾ ಎಂದರು. ಯೋಚನೆ ಮಾಡುವ ಮೊದಲೇ ನನ್ನ ಬಾಯಿ "ಎಸ್, ಪ್ಲೀಸ್" ಎಂದಿತ್ತು. ಅಂದಿನಿಂದ ನೀವು ಕೆಲಸಕ್ಕೆ ಹೊರಟ ಮೇಲೆ ಹೋಗುತ್ತಿದ್ದೆ, ನೀವು ಬರುವ ಮುಂಚೆ ಬರುತ್ತಿದ್ದೆ. ಅಂಗಡಿಯ ಹಸಿರು ಏಪ್ರನ್ನನ್ನು ಬಚ್ಚಲಿನಲ್ಲಿ ಬೆಡ್‌ಶೀಟಿನ ಒಳಗೆ ಮುಚ್ಚಿ ಒಣಗಿಸುತ್ತಿದ್ದೆ. ಈಗ ನಿಮ್ಮ ಕಾಲಲ್ಲಿರುವ ಬೂಟು, ನಾನು ಹೇಳಿದ ಹಾಗೆ, ಪಕ್ಕದ ಮನೆಯವರಿಗೆ ಅಳತೆಯಾಗದೆ ಬಂದದ್ದಲ್ಲ, ನನ್ನ ಮೊದಲ ಸಂಬಳದ್ದು. ಕಾಲು ಕಚ್ಚುತ್ತದೆ ಎಂದಿದ್ದಿರಿ. ಪಾಪ ನನ್ನದು, ಕಚ್ಚುವುದು ನಿಮ್ಮ ಕಾಲನ್ನು.

ನೀವು ಹೊರಡುವ ಹಿಂದಿನ ಶನಿವಾರ, ಇವತ್ತು ನಿನಗೆ ಪರೀಕ್ಷೆ ಎಂದು ನನ್ನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದಿರಿ. ಹಿಂದಿನ ದಿನವೇ ನಾನು ಎಲ್ಲರ ಕೈಕಾಲು ಹಿಡಿದಿದ್ದೆ, ಗುರುತು ತೋರಿಸಬೇಡಿ ಎಂದು. ಬಿಲ್ ಹಾಕುವ ಹಿರಿಯಾಕೆ, ನಾನು ಗಲ್ಲಾ ಅಕ್ಕ ಎನ್ನುವವಳು, ನನ್ನನ್ನು ಎಂದೂ ನೋಡದವಳ ಹಾಗೆ ಚೀಲ ಬೇಕಾ ಎಂದು ಕೇಳಿದಳು. ನಾನು ತಡವರಿಸಿ ಉತ್ತರ ಕೊಟ್ಟೆ. ನೀವು ಬುಟ್ಟಿ ಹಿಡಿದು ಹಿಂದೆ ನಿಂತಿದ್ದಿರಿ. ಕೊನೆಗೆ ಅವಳ ಹತ್ತಿರ ಬಾಗಿ, ಇವಳು ಇನ್ನೂ ಕಲಿಯುತ್ತಿದ್ದಾಳೆ, ನಾನಿಲ್ಲದಾಗ ಬಂದರೆ ಸ್ವಲ್ಪ ತಾಳ್ಮೆಯಿಂದ ಮಾತಾಡಿಸಿ ಎಂದು ಕೇಳಿಕೊಂಡಿರಿ.

ಅದಾದ ಸೋಮವಾರ ಅಂಗಡಿಯ ಉಗ್ರಾಣದಲ್ಲಿ ಚಹಾ ಕುಡಿಯುವಾಗ ಕೆಲಸದ ಹುಡುಗನೊಬ್ಬ ನಿಮ್ಮ ಹಾಗೆ ಬುಟ್ಟಿ ಹಿಡಿದು, ಬಾಗಿ, ನೀವು ಹೇಳಿದ್ದನ್ನೇ ಹೇಳಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ ರೀ. ಇದೊಂದನ್ನು ಬಿಟ್ಟು ಬರೆಯೋಣ ಎಂದುಕೊಂಡಿದ್ದೆ, ಆಗಲಿಲ್ಲ. ನಗದೆ ಕೂತಿದ್ದವಳು ಗಲ್ಲಾ ಅಕ್ಕ ಒಬ್ಬಳೇ. ನಾನು ಮಾತಾಡುವಾಗ ಹಿಂದೆ ನಿಂತ ನಿಮ್ಮ ತುಟಿಯೂ ನನ್ನ ಜೊತೆಗೇ ಆಡುತ್ತಿತ್ತಂತೆ, ನೋಡಲಿಲ್ಲವೇ ಎಂದು ಕೇಳಿದಳು. ನಾನು ನೋಡಿರಲಿಲ್ಲ. ನನಗೆ ಬೆನ್ನಲ್ಲಿ ಕಣ್ಣಿಲ್ಲವಲ್ಲ.

ನೀವು ನನ್ನನ್ನು ಬಿಟ್ಟು ಇರಲಾರೆ ಎಂದು ಬೇಡವೆಂದಿದ್ದರೆ ನಾನು ಸುಮ್ಮನೆ ಸಂತೋಷಪಡುತ್ತಿದ್ದೆನೋ ಏನೋ, ನನ್ನ ಬುದ್ಧಿ ನನಗೆ ಗೊತ್ತು. ಆದರೆ ಕಲಿಸುವುದು ನಿಮಗೆ ಬರುವುದಿಲ್ಲ ಎಂದು ನೀವು ನಂಬಿಬಿಟ್ಟಿದ್ದೀರಿ, ಆ ನಂಬಿಕೆ ಹುಟ್ಟಿಸಿದವಳು ನಾನು. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳಂತೆ. ನಾನು ಚೆನ್ನಾಗಿ ಕುಣಿಯಬಲ್ಲವಳಾಗಿ, ಕುಣಿಸುವವರ ಮೇಲೇ ತಪ್ಪು ಹೊರಿಸಿದೆ.

ಆ ಕೆಲಸವನ್ನು ಇನ್ನೂ ಯಾರಿಗೂ ಕೊಟ್ಟಿರಲಿಕ್ಕಿಲ್ಲ. ಸಾಹೇಬರನ್ನು ಇನ್ನೊಮ್ಮೆ ಕೇಳಿ ನೋಡಿ. ಮೇಜು ಇನ್ನೂ ಅಡ್ಡಕ್ಕೇ ಇದೆ, ಊಟವನ್ನು ಗಿರಾಕಿಯ ಕಡೆ ಕೂತೇ ಮಾಡುತ್ತೇನೆ. ನೀವಿಲ್ಲದ ಒಂದು ವರ್ಷ ನನಗೆ ಬೇಡ. ಆದರೂ ಹೋಗಿ.

ಬೈಯುವುದಿದ್ದರೆ ಬಂದೇ ಬೈಯಿರಿ. ಪ್ಲೀಸ್ ಸೇರಿಸಬೇಕೆಂದೇನಿಲ್ಲ.

ನಿಮಗೆ ಮೋಸ ಮಾಡಿದ, ನಿಮ್ಮವಳೇ ಆದ,
ಹೆಂಡತಿ

ಮರೆತಿದ್ದೆ: ಕೊಟ್ಟಿರಲಿಕ್ಕಿಲ್ಲ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಕೊಟ್ಟಿಲ್ಲ. ಅಂಚೆಯನ್ನು ನಂಬಿ ಕೂರಲಾಗದೆ ಇವತ್ತು ಬೆಳಿಗ್ಗೆ ಅಂಗಡಿಯ ಫೋನಿನಿಂದ ನಿಮ್ಮ ಸಾಹೇಬರಿಗೆ ನಾನೇ ಮಾತಾಡಿದೆ. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ನನಗೆ ಅಂಗಡಿಯ ಮಾತು ಬಿಟ್ಟರೆ ಬೇರೆ ಇಂಗ್ಲಿಷ್ ಬರುವುದಿಲ್ಲ. ನಿಮ್ಮ ಹೆಸರು ಹೇಳಿ, ಆ ಕೆಲಸದ ಸುದ್ದಿ ಎತ್ತಿ, "ಕುಡ್ ಯು ಕೀಪ್ ಇಟ್ ಅಸೈಡ್ ಫಾರ್ ಹಿಮ್?" ಎಂದೆ. ಶುಕ್ರವಾರದವರೆಗೆ ಎತ್ತಿಡುತ್ತೇನೆ ಎಂದರು. ಮಾತಾಡುತ್ತಿರುವುದು ಯಾರು ಎಂದು ಕೇಳಿದರು. ನಿಮ್ಮ ಹೆಂಡತಿ ಎನ್ನಲು ಮುಖವಿರಲಿಲ್ಲ. ನಿಮ್ಮ ಹತ್ತಿರ ಕಲಿತವಳು ಎಂದೆ.