ಪರದೆಯ ಮೇಲೆ ಎರಡು ನಡಿಗೆ

ಭಾನುವಾರ, ಮಾರ್ಚ್ 14

ಪ್ರೀತಿಯ ತಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು; ಉತ್ತರ ಬರೆಯದೆ ಕೂತೆನೆಂದು ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು, ಮೆಟ್ಟಿಲು ಇಳಿಯುವಾಗ ಇನ್ನೂ ಹೆಚ್ಚು ಎಂದು ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಸುದ್ದಿ.

ಅಮ್ಮ ದುಡಿಯುತ್ತಿದ್ದ ನೂಲಿನ ಮಿಲ್ಲಿನ ಡಾಕ್ಟರ್, ನಡಿಗೆ ಅಳೆಯುವ ನಮ್ಮ ಲ್ಯಾಬಿಗೆ ಬಂದಿದ್ದ. ಹೌದು, ಅವನೇ. ನಿಂತೂ ನಿಂತೂ ಮಂಡಿ ಹೋಗಿದೆ, ಕೂತು ಮಾಡುವ ಕೆಲಸ ಕೊಡಿಸಿ ಎಂದು ಅಮ್ಮ ಕೇಳಿದಾಗ, ವರಾಂಡದಲ್ಲಿ ಒಂದು ಸಲ ನಡೆಸಿ ನೋಡಿ ‘ಇದು ನಟನೆ’ ಎಂದು ಬರೆದುಕೊಟ್ಟವನು. ಕೆಲಸ ಬಿಡುವವರೆಗೂ ಅಮ್ಮ ಯಂತ್ರದ ಮುಂದೆ ನಿಂತೇ ಇದ್ದಳು.

ಈಗ ಅವನದೇ ಮಂಡಿ ಸವೆದಿದೆ. ಆಪರೇಷನ್‌ಗೆ ಒಪ್ಪಿಗೆ ಕೊಡುವ ಮೊದಲು ವಿಮಾ ಕಂಪನಿ ನಡಿಗೆಯ ಪರೀಕ್ಷೆ ಕೇಳಿದೆ. ಕಂಪನಿಯ ಅಧಿಕಾರಿಯೂ ಜೊತೆಗೆ ಬಂದಿದ್ದರು. ನಾನು ಯಾರ ಮಗಳೆಂದು ಅವನಿಗೆ ಗೊತ್ತಾಗಲಿಲ್ಲ.

ಚಡ್ಡಿ ಹಾಕಿಸಿ, ಭುಜ, ಸೊಂಟ, ಮಂಡಿ, ಹಿಮ್ಮಡಿಗಳಿಗೆ ಹೊಳೆಯುವ ಗುಂಡುಗಳನ್ನು ಅಂಟಿಸಿದೆ. ಕ್ಯಾಮೆರಾಗಳಿಗೆ ಕಾಣುವುದು ಅವಷ್ಟೇ. ಪರದೆಯ ಮೇಲೆ ಮುಖವಿಲ್ಲದ ಕಡ್ಡಿಗೊಂಬೆ ನಡೆಯುತ್ತದೆ. ನೆಲದೊಳಗಿನ ತಟ್ಟೆ ಹೆಜ್ಜೆಯ ಒತ್ತಡ ಅಳೆಯುತ್ತದೆ. ಅವನ ಮಂಡಿಯ ಒಳಬದಿಗೆ ವಿಪರೀತ ಭಾರ ಬೀಳುತ್ತಿತ್ತು. ಅದನ್ನು ತಗ್ಗಿಸಲು ನೋವಿನ ಕಾಲಿನ ಕಡೆಗೆ ಮೈ ವಾಲಿಸಿ ನಡೆಯುತ್ತಿದ್ದ. ಯಾರೂ ಹೇಳಿಕೊಡದೆ ದೇಹವೇ ಕಲಿಯುವ ಉಪಾಯ ಅದು. ನೋವು ನಿಜ.

“ಇನ್ನೊಂದ್ಸಲ ನಡೀರಿ ಸರ್.”

“ಎಷ್ಟು ಸಲ ನಡೆಸ್ತೀಯಮ್ಮಾ? ಜೀವ ಹೋಗ್ತಿದೆ.”

“ಯಾರೂ ನೋಡ್ತಿಲ್ಲ ಅಂದ್ಕೊಂಡು ನಡೀರಿ.”

ಬೇಕಾದ ಅಳತೆ ಆಗಲೇ ಸಿಕ್ಕಿತ್ತು. ಆದರೂ ನಡೆಸಿದೆ. ಸುಸ್ತಾದ ಹಾಗೆ ವಾಲಾಟ ಜೋರಾಯಿತು. ಪರದೆಯ ಮೇಲೆ ತೋರಿಸಲು ಆ ಕೊನೆಯ ಸುತ್ತನ್ನೇ ಆರಿಸಿಕೊಂಡೆ.

ಆಮೇಲೆ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿ, ಎರಡು ಕಡ್ಡಿಗೊಂಬೆಗಳನ್ನು ಪಕ್ಕಪಕ್ಕ ನಡೆಸಿದೆ. ಎಡಗಡೆ ಅವನು. ಬಲಗಡೆ ಅಮ್ಮ. ಯಾವುದು ಯಾರದೆಂದು ಅವರಿಗೆ ಹೇಳಲಿಲ್ಲ. ನಾನು ಓದುತ್ತಿದ್ದಾಗ ಇದೇ ಲ್ಯಾಬಿನಲ್ಲಿ ಅಮ್ಮನನ್ನು ನಡೆಸಿ, ಆ ನಡಿಗೆಯನ್ನು ದಾಖಲಿಸಿ ಇಟ್ಟುಕೊಂಡಿದ್ದೆ, ನಿನಗೆ ಗೊತ್ತಿರಲಿಕ್ಕಿಲ್ಲ.

“ಇವರಲ್ಲಿ ಒಬ್ಬರದು ನಟನೆ ಅಂತ ಒಬ್ಬ ಡಾಕ್ಟರು ಬರೆದುಕೊಟ್ಟಿದ್ರು ಸರ್. ಯಾರದು ಅಂತೀರಿ?”

ಅವನಿಗೆ ಹುರುಪು ಬಂತು. ಕುರ್ಚಿ ಮುಂದಕ್ಕೆ ಎಳೆದುಕೊಂಡ.

“ಇದೇನಮ್ಮಾ ಕೇಳೋದು? ಎಡಗಡೆಯವನದು! ಭುಜ ಹೆಂಗೆ ಒಗೀತಿದಾನೆ ನೋಡು. ನಿಜವಾಗಿ ನೋವಿರೋರು ಹಿಂಗೆ ತೂರಾಡಲ್ಲ. ಮಿಲ್ಲಲ್ಲಿ ಇಂಥ ಕಳ್ಳರನ್ನ ಎಷ್ಟು ಜನರನ್ನ ಹಿಡಿದಿದೀನಿ!”

“ಬಲಗಡೆಯವರು?”

“ಪಾಪ, ಅವರಿಗೆ ನಿಜವಾಗ್ಲೂ ನೋವಿದೆ.”

“ಎಡಗಡೆಯವರು ನೀವೇ ಸರ್,” ಎಂದೆ. ಅವನ ಬೆರಳು ಇನ್ನೂ ಪರದೆಯ ಕಡೆಗೇ ಇತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ವರದಿಯಲ್ಲಿ ನಾನು ಒಂದು ಅಂಕಿಯನ್ನೂ ತಿದ್ದಿಲ್ಲ. ನೋವು ನಿಜ ಎಂದೇ ಬರೆದಿದ್ದೇನೆ. ಅಧಿಕಾರಿ ಕಿವಿಯಾರೆ ಕೇಳಿದ್ದನ್ನು ಬರೆದುಕೊಂಡರು, ನಾನು ತಡೆಯಲಿಲ್ಲ. ಅರ್ಜಿ ಮರುವಿಚಾರಣೆಗೆ ಹೋಗಿದೆ. “ನೀನಾದ್ರೂ ಒಂದು ಮಾತು ಹೇಳಮ್ಮಾ,” ಎಂದು ದಿನಾ ಫೋನ್ ಮಾಡುತ್ತಾನೆ. “ಕಾಯ್ಬೇಕು ಸರ್,” ಎಂದು ಇಡುತ್ತೇನೆ. ಈಚೆಗೆ ಊಟ ರುಚಿಸುತ್ತಿದೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ಆಶೀರ್ವಾದ. ನೀನೂ ನೂರ್ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಮರೆತಿದ್ದೆ, ನಿನ್ನ ಮಂಡಿಯ ವಿಷಯ. ಬಾ, ಪರೀಕ್ಷೆ ಮಾಡುತ್ತೇನೆ. ನೀನೂ ಈಗ ವಾಲಿಕೊಂಡೇ ನಡೆಯುತ್ತಿರಬೇಕು. ಆ ನಡಿಗೆ ನಿನಗೇನೂ ಹೊಸದಲ್ಲ. ಚಿಕ್ಕಮ್ಮನ ಮನೆಯಲ್ಲಿ, ‘ಡಾಕ್ಟರೇ ಹೇಳಿದಾರೆ, ನಮ್ಮಮ್ಮಂದು ನಾಟಕ’ ಎಂದು ಅಮ್ಮನ ಹಾಗೆ ನಡೆದು ತೋರಿಸಿ ಎಲ್ಲರನ್ನೂ ನಗಿಸಿದೆಯಲ್ಲ, ಆಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವತ್ತಿನಿಂದ ನಿನ್ನೆದುರು ಅವಳು ಎದ್ದು ನಡೆದದ್ದಿಲ್ಲ. ನೀನು ಹೊರಗೆ ಹೋಗುವವರೆಗೂ ಕೂತೇ ಇರುತ್ತಿದ್ದಳು. ಬರುವಾಗ ಮಕ್ಕಳನ್ನೂ ಕರೆದುಕೊಂಡು ಬಾ. ಅಪ್ಪ ನಡೆಯುವುದನ್ನು ಅವರೂ ನೋಡಲಿ.