ಕುದುರೆಗೆ ಪಂಚಮಿ ಉಂಡಿ

ವಿಟ್ಬಿ
ಕೆನಡಾ
೨೧ ಆಗಸ್ಟ್ ೨೦೧೮, ಮಂಗಳವಾರ

ಪ್ರೀತಿಯ ಅವ್ವ,

ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವವಳಿಗೆ ಇದೇನು ಕಾಗದದ ಹುಚ್ಚು ಎಂದು ನೀನು ಕೇಳುತ್ತೀ. ಅಪ್ಪನ ವಿಷಯ ಎತ್ತಿದರೆ ನೀನು ಫೋನು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದು. ಅತ್ತೆ ಶುಕ್ರವಾರ ಧಾರವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಮೊಮ್ಮಗಳು ಸಾನ್ವಿ ಎರಡು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿರುವುದು ನಿನಗೆ ಗೊತ್ತು. ಸೇರಿಸಿದವರು ನಿನ್ನ ಅಳಿಯ ಸುನೀಲಕುಮಾರ, ನಾನಲ್ಲ. ಅವಳು ಕಲಿಯುವಷ್ಟು ಹೊತ್ತು ನಾನು ಕಾರಿನಲ್ಲೇ ಕೂತಿರುತ್ತೇನೆ, ಕಿಟಕಿ ಏರಿಸಿಕೊಂಡು. ಆ ಲಾಯದ ವಾಸನೆ ಮೂಗಿಗೆ ಬಂದರೆ ಸಾಕು, ಅಪ್ಪ ಟಾಂಗಾ ಬಿಚ್ಚಿ ಒಳಗೆ ಬಂದ ಹಾಗೆಯೇ ಆಗುತ್ತದೆ.

ಲಾಯದವರು ಪ್ರತಿ ಬೇಸಿಗೆಯಲ್ಲಿ ಮಕ್ಕಳನ್ನೂ ಮನೆಮಂದಿಯನ್ನೂ ಕಾಡಿನ ಪಾರ್ಕೊಂದಕ್ಕೆ ಕ್ಯಾಂಪಿಂಗಿಗೆ ಕರೆದೊಯ್ಯುತ್ತಾರೆ. ಕುದುರೆಗಳೂ ದೊಡ್ಡ ಟ್ರೇಲರಿನಲ್ಲಿ ಬರುತ್ತವೆ. ಹೋದ ವರ್ಷ ನಾನು ಶಿಫ್ಟಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಅತ್ತೆಯೇ ಹೋಗೋಣವೆಂದು ಹಟ ಹಿಡಿದರು. ಶನಿವಾರ ಮುಂಜಾನೆ ಹೊರಟೆವು. ಪೈನ್ ಮರಗಳ ನಡುವೆ ಡೇರೆ, ಪಕ್ಕದಲ್ಲೇ ಕುದುರೆ ಕಟ್ಟಲು ಮರದ ಕಟಾಂಜನ. ಸಾನ್ವಿಯ ಕುದುರೆಯ ಹೆಸರು ಬಿಸ್ಕಿಟ್. ಹೆಣ್ಣು, ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಅವ್ವ, ಅಪ್ಪನ ಟಾಂಗಾದ ಚಂದ್ರಿಯೇ ಅನ್ನು.

ಅತ್ತೆಯ ಸ್ವಭಾವ ನಿನಗೂ ಗೊತ್ತು. ಹಬ್ಬದ ತಿನಿಸನ್ನು ಮೂಕಪ್ರಾಣಿಗೆ ಕೊಡದೆ ತಾವು ಬಾಯಿಗೆ ಹಾಕುವವರಲ್ಲ. ವಿಟ್ಬಿಯಲ್ಲಿ ಆಕಳು ಎಲ್ಲಿ ಬರಬೇಕು? ಮೊನ್ನೆ ನಾಗರಪಂಚಮಿಯ ದಿನ ಹಿತ್ತಲಿನ ಅಳಿಲಿಗೆ ಒಂದು ಉಂಡಿ ಇಟ್ಟು ಹೇಗೋ ಸಮಾಧಾನ ಮಾಡಿಕೊಂಡಿದ್ದರು. ಕ್ಯಾಂಪಿನಲ್ಲಿ ಸಾಕ್ಷಾತ್ ಕುದುರೆಯೇ ಕಂಡ ಮೇಲೆ ಕೇಳಬೇಕೆ? ನಾವು ಡೇರೆ ಹೊಡೆಯುವುದರಲ್ಲಿದ್ದಾಗ ಅವರು ಹಬ್ಬದ ಉಂಡಿಯ ಡಬ್ಬಿ ಹಿಡಿದು ಹೋಗಿ, ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಎಂದು ಡಬ್ಬಿಯ ತಳ ಕಾಣುವವರೆಗೆ ಬಿಸ್ಕಿಟ್‌ಗೆ ತಿನ್ನಿಸಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅದು ಮುಂಗಾಲಿನಿಂದ ನೆಲ ಕೆರೆಯತೊಡಗಿತು, ತಿರುತಿರುಗಿ ಹೊಟ್ಟೆ ನೋಡಿಕೊಳ್ಳತೊಡಗಿತು. ಆಮೇಲೆ ಮಲಗಿ ಹೊರಳಲು ನೋಡಿತು.

ಲಾಯದೊಡತಿ ಕ್ಯಾರೊಲ್ ಉಳಿದ ಮಕ್ಕಳನ್ನು ಕರೆದುಕೊಂಡು ಕಾಡೊಳಗೆ ಸವಾರಿ ಹೋಗಿದ್ದಳು. ಫೋನಿಗೆ ಸಿಗ್ನಲ್ ಇಲ್ಲ. ಸುನೀಲಕುಮಾರ ಕಾರು ತೆಗೆದುಕೊಂಡು ಹೆದ್ದಾರಿಯವರೆಗೆ ಹೋಗಿ ಕುದುರೆ ಡಾಕ್ಟರಿಗೆ ಫೋನು ಮಾಡಿ ಬಂದರು. ಅವರು ಬರಲು ಎರಡು ತಾಸಾಗುತ್ತದಂತೆ. ಸಾನ್ವಿ ಅಳುತ್ತಿದ್ದಳು. ಅತ್ತೆ ಖಾಲಿ ಡಬ್ಬಿ ಎದೆಗೊತ್ತಿಕೊಂಡು ನಿಂತಿದ್ದರು.

ಅಷ್ಟರಲ್ಲಾಗಲೇ ಹಗ್ಗ ನನ್ನ ಕೈಯಲ್ಲಿತ್ತು, ಅವ್ವ. ಮುಂದಿದ್ದ ಹುಲ್ಲನ್ನೆಲ್ಲ ತೆಗೆಸಿದೆ. ಹೊರಳಿದರೆ ಕರುಳು ತಿರುಚೀತೆಂದು ಮಲಗಲು ಬಿಡದೆ ನಡೆಸಿದೆ. ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ ಅದರ ಪಕ್ಕೆಗೆ ಕಿವಿ ಹಚ್ಚಿದೆ. ಒಳಗೆ ಸದ್ದೇ ಇರಲಿಲ್ಲ. ಹೊಟ್ಟೆ ಗುಡುಗಿದರೆ ಕುದುರೆ ಬದುಕಿತು, ಸುಮ್ಮನಾದರೆ ದೇವರೇ ಗತಿ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಿ ಮತ್ತೆ ಹಗ್ಗ ಜಗ್ಗಿದೆ. ಹಾಂ ಮಗಳ, ನಡಿ ಮಗಳ ಎಂದು ಅಪ್ಪನ ಮಾತೇ ನನ್ನ ಬಾಯಲ್ಲಿ ಬರುತ್ತಿತ್ತು.

ಹಿಂದೆ ಹಿಂದೆಯೇ ಬರುತ್ತಿದ್ದ ಸಾನ್ವಿ, ಮಮ್ಮಿ, ಹೌ ಡು ಯು ನೋ ದಿಸ್ ಎಂದು ಕೇಳಿದಳು. ಯೂಟ್ಯೂಬಿನಲ್ಲಿ ನೋಡಿದ್ದೆ ಎನ್ನಬಹುದಿತ್ತು. ಆ ಸುಳ್ಳು ತುದಿನಾಲಿಗೆಗೆ ಬಂದೂ ಇತ್ತು. ಮದುವೆಯ ಹಿಂದಿನ ದಿನ ನೀನು ವಿಭೂತಿ ಗಟ್ಟಿ ಮುಟ್ಟಿಸಿ ಆಣೆ ಮಾಡಿಸಿದ್ದು ಮರೆತಿರಲಿಲ್ಲ. ಅಪ್ಪ ಸಾರಿಗೆ ಖಾತೆಯಲ್ಲಿದ್ದವರು, ಸಾಯುವ ತನಕ ಗಂಡನ ಮನೆಯಲ್ಲಿ ಅಷ್ಟೇ ಮಾತು ಎಂದು ನಾನೂ ಒಪ್ಪಿದ್ದೆ. ಟಾಂಗಾದ ಕಾರಣಕ್ಕೆ ಒಂದು ಸಂಬಂಧ ಮುರಿದಿತ್ತು, ನಿನ್ನ ಹೆದರಿಕೆ ನನಗೆ ತಿಳಿಯುತ್ತದೆ. ಆದರೆ ಆ ಕುದುರೆಯ ಮೈಮೇಲೆ ಕೈಯಿಟ್ಟುಕೊಂಡು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ನಿನ್ನ ಅಜ್ಜ ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ, ಅವನೇ ಕಲಿಸಿದ್ದು ಎಂದೆ. ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಸುನೀಲಕುಮಾರ, ಟಾಂಗಾನಾ ಎಂದರು. ಅತ್ತೆ ಮಾತ್ರ, ನಡಸವ್ವಾ, ನಿಂದ್ರಬ್ಯಾಡ ಎಂದರು, ಅಷ್ಟೇ. ನಡೆಸಿದೆ. ಒಂದು ತಾಸಿನ ಮೇಲೆ ಕಿವಿ ಹಚ್ಚಿದಾಗ ಒಳಗೆ ಗುಡುಗುಡು ಎಂದಿತು. ಸ್ವಲ್ಪ ಹೊತ್ತಿಗೆ ಲದ್ದಿಯನ್ನೂ ಹಾಕಿತು. ಲದ್ದಿ ನೋಡಿ ಕೈಮುಗಿದು ಅತ್ತವಳು ಕೆನಡಾದಲ್ಲಿ ನಾನೊಬ್ಬಳೇ ಇರಬೇಕು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಹುಲ್ಲು ತೆಗೆಸಿ ನಡೆಸಿದ್ದು ಒಳ್ಳೆಯದಾಯಿತು ಎಂದರು. ಕ್ಯಾರೊಲ್ ನನ್ನನ್ನು ಬಿಗಿದಪ್ಪಿಕೊಂಡು ನಿಮ್ಮ ತಂದೆಗೆ ಥ್ಯಾಂಕ್ಸ್ ಎಂದಳು. ಅಪ್ಪನಿಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಇನ್ನೊಂದು ಮಾತು, ನಿನಗೂ ಹೇಳದೆ ಮುಚ್ಚಿಟ್ಟಿದ್ದು. ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಸ್ಟೇಶನ್ ರಸ್ತೆಯಲ್ಲಿ ಬರುತ್ತಿದ್ದೆ. ಎದುರಿಗೆ ಅಪ್ಪನ ಟಾಂಗಾ. ನಾನು ಮುಖ ತಿರುಗಿಸಿದೆ. ನನಗಿಂತ ಮೊದಲೇ ಅಪ್ಪ ನೋಡಿದ್ದ, ಹಿಂದೆ ಸವಾರಿಯ ಜನ ಕೂತಿದ್ದರೂ ಚಂದ್ರಿಯನ್ನು ಪಕ್ಕದ ಓಣಿಗೆ ತಿರುಗಿಸಿಬಿಟ್ಟ. ನನ್ನ ಸಂಬಂಧ ಗಟ್ಟಿಯಾದ ವಾರವೇ, ಬೀಗರಿಗೆ ಗೊತ್ತಾಗದಿರಲೆಂದು ಚಂದ್ರಿಯನ್ನೂ ಮಾರಿದ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ತಪ್ಪಾಯಿತು ಎನ್ನಲು ಬಾಯಿ ಬಂದಿರಲಿಲ್ಲ. ಶನಿವಾರ ಬಿಸ್ಕಿಟ್‌ನ ಕಿವಿಯಲ್ಲಿ ಹೇಳಿದೆ, ಮನಸ್ಸು ಹಗುರಾಯಿತು.

ಅವ್ವ, ಸಿಟ್ಟಾಗಬೇಡ. ನೀನು ನಮಗಿಂತ ಮೊದಲು ಚಂದ್ರಿಗೆ ಹುರುಳಿ ಬೇಯಿಸುತ್ತಿದ್ದೆ. ಆ ಹುರುಳಿಯ ಋಣದಲ್ಲೇ ನಾನು ಓದಿದೆ, ಇಲ್ಲಿಗೂ ಬಂದೆ. ನಿಮ್ಮಿಬ್ಬರಿಗೂ ನಾನು ಎಷ್ಟು ಕೃತಜ್ಞಳು ಎಂದು ಇಷ್ಟು ವರ್ಷ ಹೇಳಲೇ ಇಲ್ಲ, ಈಗ ಹೇಳುತ್ತಿದ್ದೇನೆ. ಟ್ರಂಕಿನ ತಳದಲ್ಲಿ ಬೋರಲು ಹಾಕಿಟ್ಟಿರುವೆಯಲ್ಲ, ಅಪ್ಪ ಚಂದ್ರಿಯ ಪಕ್ಕ ನಿಂತ ಫೋಟೊ, ಅದನ್ನು ನನ್ನ ತಮ್ಮ ಸದಾಶಿವನ ಕೈಯಲ್ಲಿ ಕೊಟ್ಟು ಅತ್ತೆಗೆ ಮುಟ್ಟಿಸು. ಅಜ್ಜನ ಕುದುರೆ ನೋಡಬೇಕೆಂದು ಸಾನ್ವಿ ದಿನಾ ಪೀಡಿಸುತ್ತಿದ್ದಾಳೆ. ನಿನ್ನ ಅಳಿಯ ಏನಂದಾರೋ ಎಂದು ಹೆದರಬೇಡ. ನಿನ್ನೆ ತಾವಾಗಿಯೇ ಹೋಗಿ ಫೋಟೊಕ್ಕೆಂದು ಚೌಕಟ್ಟು ತಂದಿದ್ದಾರೆ.

ಇಂತಿ,
ಟಾಂಗಾ ಮಡಿವಾಳಪ್ಪನ ಮಗಳು
ಜಯಶೀಲಾ

ಮರೆತ ಮಾತು: ಕಾಗದ ಮಡಚುವ ಮೊದಲು ತಾವೂ ಎರಡು ಸಾಲು ಬರೆಯುತ್ತೇನೆಂದು ಅತ್ತೆ ಪೆನ್ನು ಕೇಳಿದ್ದಾರೆ. ಕೆಳಗಿನದು ಅವರದೇ ಅಕ್ಷರ.

ಬೀಗತಿ ನಾಗವ್ವಗ ಚನ್ನಬಸವ್ವನ ಶರಣು. ಕನ್ಯಾ ನೋಡಾಕ ಬರೂದಕ್ಕ ಎಂಟ ದಿನ ಮೊದಲ ನಾ ಒಂದ ಮದುವಿಗೆ ವಿಜಾಪುರಕ್ಕ ಬಂದಿದ್ದೆ. ಸ್ಟೇಶನ್ನಿಂದ ಟಾಂಗಾದಾಗ ಹೋದೆ. ರಸ್ತೆ ಏರ ಬಂದಕೂಡ್ಲೆ ಟಾಂಗಾದವರು, ಕುದುರಿಗೆ ಬಿಸಲ ಹತ್ತೇತಿ, ತಪ್ಪ ತಿಳೀಬ್ಯಾಡ್ರಿ ಅಕ್ಕಾರ ಅಂತ ಹೇಳಿ ಕೆಳಗ ಇಳದು ಅದರ ಜೋಡಿ ನಡಕೋತ ಬಂದ್ರು. ಬಿಸಲಿಗೆ ಸೆರಗ ಹೊಚ್ಚಕೊಂಡ ಹಿಂದ ಕುಂತ ನನ್ನ ಮಾರಿ ಅವರು ನೋಡಿರಲಿಲ್ಲ. ಎಂಟ ದಿನದ ಮ್ಯಾಲ ನಿಮ್ಮ ಮನ್ಯಾಗ ಬಿಳಿ ಅಂಗಿ ಹಾಕ್ಕೊಂಡು ನನಗ ಚಾ ಕೊಟ್ಟವರು ಅವರ. ಕುದುರಿನ್ನ ಇಷ್ಟ ಜ್ವಾಕಿ ಮಾಡಾವ್ರು ಮಗಳನ್ನ ಹೆಂಗ ಬೆಳಸಿರಬೇಕು ಅಂತ ಅವತ್ತ ಹೂಂ ಅಂದೆ. ನಿಮ್ಮ ಮರ್ಯಾದಿ ಉಳೀಲಿ ಅಂತ ಯಾರ ಮುಂದೂ ಹೇಳಲಿಲ್ಲ. ಚಂದ್ರಿನ್ನ ಮಾರಿದ್ದು ನನಗ ಗೊತ್ತಾಗಿದ್ದು ಈ ಕಾಗದ ಓದಿದ ಮ್ಯಾಲ. ಅವತ್ತ ನಾ ಒಂದ ಮಾತ ಬಾಯಿ ಬಿಟ್ಟಿದ್ರ ಆ ಕುದುರಿ ನಿಮ್ಮ ಮನ್ಯಾಗ ಇರತಿತ್ತು.