ಆಲೂಗಡ್ಡೆ ಬೇಯಿಸಿದ ನೀರು

ಆಗಸ್ಟ್ ೧೭, ಭಾನುವಾರ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯಮ್ಮ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬೀಜದ ಅಂಗಡಿಗೆ ಇದು ಬಿಡುವಿಲ್ಲದ ಕಾಲ ಎಂದು ನೆಪ ಹೇಳಬಹುದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬರೆಯಲು ಕೂತರೆ ಒಂದು ವಿಷಯ ಬರೆಯಲೇಬೇಕಾಗುತ್ತಿತ್ತು. ಅದನ್ನು ನಿನಗೆ ತಿಳಿಸಕೂಡದೆಂದು ನಿನ್ನಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಫೋನಿನಲ್ಲಂತೂ ನಾನು "ಊಟ ಆಯ್ತಾ" ದಾಟಿ ಮುಂದೆ ಹೋಗುವವನಲ್ಲ, ನಿನಗೇ ಗೊತ್ತು. ಅದಕ್ಕೇ ಈ ಕಾಗದ.

ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ. ರೇಡಿಯೊದಲ್ಲಿ ನಿನ್ನ ಬೆಳಗಿನ ಮಾತನ್ನು ನಮ್ಮ ಬೀದಿಯಲ್ಲಿ ಕೇಳದವರಿಲ್ಲ. ಬೆಳ್ಳುಳ್ಳಿಯನ್ನು ಜಜ್ಜಿ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಮೇಲೆ ಬೇಯಿಸಿದರೆ ಗುಣ ಹೆಚ್ಚು ಎಂದು ನೀನು ಹೇಳಿದ್ದನ್ನು ಎದುರಿನ ಗಡಿಯಾರ ರಿಪೇರಿಯವನು ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ. ಬೆಳ್ಳುಳ್ಳಿಗೆ ಸಿಗುವ ವಿರಾಮ ತನಗೂ ಸಿಗುವ ಹಾಗೆ ಮಾಡಿ ಎಂದು ಆಕೆ ಸೌಟು ಅವನ ಕೈಗೇ ಕೊಟ್ಟಳಂತೆ. ಕ್ಯಾರೆಟ್ ಹಿಂದೆ ನೇರಳೆ, ಹಳದಿ ಬಣ್ಣದ್ದಾಗಿತ್ತು, ಕಿತ್ತಳೆ ಬಣ್ಣ ಎಷ್ಟೋ ಕಾಲದ ಮೇಲೆ ಬಂದದ್ದು ಎಂದೆಯಲ್ಲ, ಅವತ್ತಿನಿಂದ ನೇರಳೆ ಕ್ಯಾರೆಟ್ ಬೀಜ ಕೇಳಿಕೊಂಡು ಬರುವವರು ಶುರುವಾದರು. ಇಲ್ಲ ಎಂದರೆ ಒಬ್ಬರು, ನಿಮ್ಮ ಮಗಳು ಹೇಳಿದ್ದನ್ನು ನೀವೇ ಇಟ್ಟುಕೊಂಡಿಲ್ಲ ಎಂದರೆ ಹೇಗೆ ಎಂದು ನನ್ನ ಮೇಲೇ ರೇಗಿದರು.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನಮ್ಮನ ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಕಳೆದ ವರ್ಷ ಕಾಲು ಊದಿಕೊಳ್ಳತೊಡಗಿತು. ದಿನವಿಡೀ ಹೊಲಿಗೆ ಯಂತ್ರ ತುಳಿಯುವವಳ ಕಾಲು, ಊದದೆ ಇನ್ನೇನಾಗುತ್ತದೆ ಎಂದು ಅವಳು ತಳ್ಳಿಹಾಕಿದಳು. ಪರೀಕ್ಷೆ ಮಾಡಿಸಿದ ಮೇಲೆ ನಿಜ ಗೊತ್ತಾಯಿತು. ಗಾಬರಿಯಾಗಬೇಡ. ಪಥ್ಯ ಮಾಡಿದರೆ ಬಹಳ ಕಾಲ ಹೀಗೇ ತಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಮುಖ್ಯವಾಗಿ ಪೊಟ್ಯಾಸಿಯಂ ಹೆಚ್ಚಾಗಬಾರದು. ಆರೋಗ್ಯವಂತರಿಗೆ ಒಳ್ಳೆಯದು ಮಾಡುವ ಅದೇ ವಸ್ತು ಇವಳ ರಕ್ತದಲ್ಲಿ ಉಳಿದುಕೊಂಡುಬಿಡುತ್ತದೆ. ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಹಾಗಾಗಿ ಅಡುಗೆ ಈಗ ನನ್ನದು. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಏನೇ ಇರಲಿ, ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೆನೆಹಾಕಿ, ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ರುಚಿಯ ಮಾತು ಕೇಳಬೇಡ. ಇವರು ಬಟ್ಟೆ ಒಗೆಯುವ ಹಾಗೆ ತರಕಾರಿ ಒಗೆಯುತ್ತಾರೆ, ಇನ್ನು ಇಸ್ತ್ರಿ ಮಾಡುವುದೊಂದು ಬಾಕಿ ಎಂದು ನಿನ್ನಮ್ಮ ಬಟ್ಟೆ ಹೊಲಿಸಲು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಇಷ್ಟು ಮಾಡಿದರೂ ಕಳೆದ ಎರಡು ಪರೀಕ್ಷೆಗಳಲ್ಲಿ ಪೊಟ್ಯಾಸಿಯಂ ಏರಿತ್ತು. ಎರಡನೆಯ ಸಲ ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಇಂಜೆಕ್ಷನ್ ಕೊಟ್ಟರು. ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದವಳು, ಅರ್ಧಕ್ಕೆ ಬಿಟ್ಟು ಬಂದ ಯಾರದೋ ರವಿಕೆಯ ತೋಳಿನ ಚಿಂತೆ ಮಾಡುತ್ತಿದ್ದಳು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ನೀರು ನಿಜವಾಗಿ ಚೆಲ್ಲುತ್ತಿದ್ದೀರಾ ಎಂದು ಕೇಳಿದರು. ಕಳ್ಳನನ್ನು ಕೇಳಿದ ಹಾಗಿತ್ತು. ಬಹಳ ನೋವಾಯಿತು.

ನಾನು ಬಸಿದ ನೀರು ಕುದಿಯುವಷ್ಟು ಬಿಸಿ ಇರುತ್ತದೆ. ಮೋರಿಯ ಪೈಪು ಹಾಳಾಗುತ್ತದೆ, ಹಾಗೇ ಪಾತ್ರೆಯಲ್ಲಿಟ್ಟು ಹೋಗಿ, ಆರಿದ ಮೇಲೆ ಕಿಟಕಿಯ ಪುದೀನಕ್ಕೆ ಹಾಕುತ್ತೇನೆ ಎಂದು ನಿನ್ನಮ್ಮ ಹೇಳಿದ್ದಳು. ನನಗೂ ಅದು ಸರಿ ಎನ್ನಿಸಿತ್ತು. ಆಸ್ಪತ್ರೆಯಿಂದ ಬಂದ ವಾರ ಕಿಟಕಿ ಮುಚ್ಚಲು ಹೋದವನು ಅಭ್ಯಾಸಬಲದಿಂದ ಕುಂಡಕ್ಕೆ ಬೆರಳು ಹಾಕಿ ನೋಡಿದೆ. ಮಣ್ಣು ಒಣಗಿ ಅಂಚು ಬಿಟ್ಟುಕೊಂಡಿತ್ತು. ದಿನಾ ನೀರು ಕುಡಿಯುವ ಮಣ್ಣು ಹಾಗಿರುವುದಿಲ್ಲ.

ಅವತ್ತು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬೀಗದ ಕೈ ಮರೆತು ವಾಪಸು ಬಂದೆ. ನಿನ್ನ ದನಿ ಮೆಟ್ಟಿಲಿನವರೆಗೂ ಕೇಳುತ್ತಿತ್ತು. ಟೊಮೇಟೊ ಕೂಡ ಆಲೂಗಡ್ಡೆಯ ಹಾಗೆ ದಕ್ಷಿಣ ಅಮೆರಿಕದ ಕಡೆಯದು, ಬಹಳ ಕಾಲ ಎಷ್ಟೋ ಜನ ಅದನ್ನು ವಿಷವೆಂದೇ ತಿಳಿದಿದ್ದರು ಎಂದು ಹೇಳುತ್ತಿದ್ದೆ. ನಿನ್ನಮ್ಮ ಯಂತ್ರ ನಿಲ್ಲಿಸಿ, ಅಳತೆ ಪಟ್ಟಿ ಕೊರಳಲ್ಲೇ ಹಾಕಿಕೊಂಡು, ರೇಡಿಯೊದ ಪಕ್ಕ ಕೂತಿದ್ದಳು. ಕೈಯಲ್ಲಿ ಲೋಟ. ಔಷಧಿ ಕುಡಿಯುವವರ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಬೇಯಿಸಿದ ಆಲೂಗಡ್ಡೆಯ ವಾಸನೆ ನನಗೆ ಬಾಗಿಲಿಗೇ ಬಂತು.

"ಏನೇ ಅದು?" ಎಂದೆ.

"ಸುಮ್ನಿರಿ. ಅವಳು ಮಾತಾಡ್ತಿದಾಳೆ."

ನಿನ್ನ ಮಾತು ಮುಗಿಯುವವರೆಗೆ ನಿಂತೇ ಇದ್ದೆ. ಆಮೇಲೆ ಕೇಳಿದರೆ, ಬೇಯಿಸಿದ ನೀರನ್ನು ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲೇ ಇಳಿದಿರುತ್ತದೆ ಎಂದು ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಆ ಸತ್ವವೇ ಅವಳಿಗೆ ಆಗದ್ದು ಎಂದು ನಾನು ಹೇಳಿದೆ, ಡಾಕ್ಟರಮ್ಮನೂ ಬಿಡಿಸಿ ಹೇಳಿದರು. ತಲೆಯಾಡಿಸಿದಳು. ಈಗ ನೀರನ್ನು ನಾನೇ ಕೈಯಾರೆ ಚೆಲ್ಲುತ್ತೇನೆ. ಆದರೂ ಮೊನ್ನೆ ನಾನಿಲ್ಲದಾಗ ತಾನೇ ಬೇರೆ ಆಲೂಗಡ್ಡೆ ಬೇಯಿಸಿಕೊಂಡು ಆ ನೀರು ಕುಡಿದಿದ್ದಳು. ಪಾತ್ರೆಯ ಅಂಚಿನಲ್ಲಿ ಗಂಜಿಯ ಗೆರೆ ಒಣಗಿತ್ತು. ಅಂಗಡಿ ಮುಚ್ಚಿ ಹೆಂಡತಿಯನ್ನು ಎಷ್ಟು ದಿನ ಕಾಯಲಿ, ನೀನೇ ಹೇಳು.

ನೀನು ಹೇಳಿದ್ದು ತಪ್ಪಲ್ಲ. ಮೂತ್ರಪಿಂಡ ಸರಿಯಿರುವವರಿಗೆ ಅದು ಒಳ್ಳೆಯ ಸಲಹೆಯೇ. ಬೀಜದ ಪೊಟ್ಟಣದ ಮೇಲೂ ಎಲ್ಲರಿಗೂ ಒಂದೇ ಮಾತು ಅಚ್ಚಾಗಿರುತ್ತದೆ. ಆದರೂ ಕೊಳ್ಳಲು ಬಂದವರನ್ನು, ನಿಮ್ಮದು ಎಂಥ ಮಣ್ಣು ಎಂದು ನಾನು ಕೇಳುತ್ತೇನೆ. ರೇಡಿಯೊದಲ್ಲಿ ಕೂತವಳು ಯಾರನ್ನು ಕೇಳಲು ಸಾಧ್ಯ? ಆದ್ದರಿಂದ ಮುಂದಿನ ಸಲ ಒಂದು ಮಾತು ಸೇರಿಸು: ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಪಾಲಿಸಬಾರದು, ಡಾಕ್ಟರ್ ಹೇಳಿದ್ದನ್ನೇ ಕೇಳಬೇಕು. ನಮ್ಮಂಥ ಮನೆಗಳು ಇನ್ನೆಷ್ಟಿವೆಯೋ.

ಸರಿಯಾಗಿ ಉಣ್ಣು. ಊರಿಗೆಲ್ಲ ತರಕಾರಿಯ ಗುಣ ಹೇಳಿ ನೀನು ಬನ್ನು ತಿಂದು ಮಲಗುವುದು ಬೇಡ. ಗಂಟಲು ಜೋಪಾನ. ನಿನ್ನ ದನಿಗೂ ನಿನಗೂ ಯಾವ ಕೇಡೂ ತಟ್ಟದಿರಲಿ ಎಂಬುದೇ ಈ ಮುದುಕನ ಹಾರೈಕೆ.

ನಿನ್ನ,
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು, ನಿನಗೆ ಎಲ್ಲ ಬರೆದಿದ್ದೇನೆ, ರೇಡಿಯೊದಲ್ಲೇ ಹೇಳಿಸುತ್ತೇನೆ ಎಂದು ಅವಳಿಗೆ ತಿಳಿಸಿದೆ. ರೇಗುತ್ತಾಳೆ ಅಂದುಕೊಂಡಿದ್ದೆ. ರೇಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ, ನೀನು ಮನೆಬಿಟ್ಟ ದಿನದ ಮಾತು ತೆಗೆದಳು. ತರಕಾರಿ ಬಗ್ಗೆ ಮಾತಾಡುವುದೂ ಒಂದು ಕೆಲಸವಾ, ನಿನ್ನ ಮಾತು ಯಾರು ಕೇಳ್ತಾರೆ ಎಂದು ಅವಳು ಹಂಗಿಸಿದ್ದಳಲ್ಲ, ಅದಕ್ಕೆ ನೀನು ಬಾಗಿಲಲ್ಲಿ ನಿಂತು ಕೊಟ್ಟ ಉತ್ತರ ಅವಳಿಗೆ ಬಾಯಿಪಾಠ.

"'ನನ್ನ ಒಂದೇ ಒಂದು ಮಾತನ್ನಾದ್ರೂ ಯಾವತ್ತಾದ್ರೂ ಕೇಳಿದೀಯೇನಮ್ಮ' ಅಂದ್ಲು," ಎಂದಳು. "ಅವತ್ತಿಂದ ನನ್ನ ಹತ್ರ ಮಾತೇ ಆಡಿಲ್ಲ. ಅವಳು ಹೇಳಿದ್ದರಲ್ಲಿ ನನ್ನ ಕೈಲಿ ಮಾಡೋಕಾಗೋದು ಇದೊಂದು. ಇದನ್ನೂ ಚೆಲ್ಲು ಅಂತೀರಲ್ಲ."

ಆದ್ದರಿಂದ ಮೇಲೆ ಬರೆದದ್ದನ್ನು ರೇಡಿಯೊದಲ್ಲಿ ಊರಿಗೆ ಹೇಳು, ಹೇಳಬೇಕಾದದ್ದೇ. ಅದಕ್ಕೂ ಮೊದಲು ಮನೆಗೆ ಫೋನ್ ಮಾಡಿ, ಚೆಲ್ಲಿಬಿಡಮ್ಮ ಎಂದು ಅವಳೊಬ್ಬಳಿಗೆ ಹೇಳು. ಅವಳು ಬಹುಶಃ ಏನೂ ಮಾತಾಡುವುದಿಲ್ಲ. ಫೋನ್ ಇಟ್ಟುಬಿಡಬೇಡ. ಕೇಳಿಸಿಕೊಳ್ಳುತ್ತಿರುತ್ತಾಳೆ.